ಜೀವವೈವಿಧ್ಯ ಪಾರಂಪರಿಕ ತಾಣ ಘೋಷಣೆಗೆ ಪ್ರಸ್ತಾವನೆ ಸಲ್ಲಿಸುವ ಕುರಿತು ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ದೇವರಕಾಡು, ಕಾನು, ಹಳೆಯ ಹುಣಸೆ ತೋಪು, ಊರ ಕೆರೆ ಮತ್ತು ಅದರ ಅಂಗಳ, ಬೆಟ್ಟದ ಮೇಲಿನ ಹುಲ್ಲುಗಾವಲು, ನಾಟಿ ತಳಿಗಳನ್ನು ಇಂದಿಗೂ ಬೆಳೆಯುತ್ತಿರುವ ಗದ್ದೆ ಬಯಲು ಮುಂತಾದ ಪ್ರದೇಶಗಳು ಕೇವಲ ಭೂಮಿಯಲ್ಲ. ಅವು ಆಯಾ ಸೀಮೆಯ ಜನರ ಆಚರಣೆ, ಜೀವನೋಪಾಯ ಮತ್ತು ನೆನಪುಗಳೊಡನೆ ಬೆಸೆದುಕೊಂಡಿರುತ್ತವೆ. ಇಂತಹ ಪ್ರದೇಶಗಳು ಬಹುಮಟ್ಟಿಗೆ ಅಭಯಾರಣ್ಯದ ಎಲ್ಲೆಯ ಒಳಗೂ ಇರುವುದಿಲ್ಲ, ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿಯೂ ಇರುವುದಿಲ್ಲ. ಪಹಣಿಯಲ್ಲಿ ಗೋಮಾಳ, ಖರಾಬು ಅಥವಾ ಸರ್ಕಾರಿ ಭೂಮಿ ಎಂದಷ್ಟೇ ದಾಖಲಾಗಿರುವ ಕಾರಣ, ಬೇರೆ ಉದ್ದೇಶಕ್ಕೆ ಮಂಜೂರಾಗುವ ಅಥವಾ ಒತ್ತುವರಿಯಾಗುವ ಸಂಭವ ಹೆಚ್ಚು.

ಈ ಬಗೆಯ ಪ್ರದೇಶಗಳಿಗೆ ಕಾನೂನಿನ ಮಾನ್ಯತೆ ದೊರಕಿಸುವ ಸಲುವಾಗಿ ಜೀವವೈವಿಧ್ಯ ಕಾಯ್ದೆ, 2002ರಲ್ಲಿ "ಜೀವವೈವಿಧ್ಯ ಪಾರಂಪರಿಕ ತಾಣ" ಎಂಬ ಘೋಷಣೆಗೆ ಅವಕಾಶ ಕಲ್ಪಿಸಲಾಗಿದೆ. ಸದರಿ ಘೋಷಣೆಯನ್ನು ಕೋರಲು ಇಚ್ಛಿಸುವ ಗ್ರಾಮಸ್ಥರು, ಸಂಘ ಸಂಸ್ಥೆಗಳು ಹಾಗೂ ಸ್ಥಳೀಯ ಸಂಸ್ಥೆಗಳ ಉಪಯೋಗಕ್ಕಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ. ಘೋಷಣೆಯಿಂದ ಯಾವ ರಕ್ಷಣೆ ದೊರೆಯುತ್ತದೆ ಎಂಬುದರ ಜೊತೆಗೆ, ಯಾವುದು ದೊರೆಯುವುದಿಲ್ಲ ಎಂಬುದನ್ನೂ ಅರ್ಜಿದಾರರು ಮೊದಲೇ ತಿಳಿದಿರುವುದು ಅವಶ್ಯಕ.

2. ಕಾನೂನಿನ ಆಧಾರ

ಜೀವವೈವಿಧ್ಯ ಕಾಯ್ದೆ, 2002ರ 37ನೇ ಪ್ರಕರಣವು ಈ ವಿಷಯಕ್ಕೆ ಮೂಲ ಆಧಾರವಾಗಿದೆ. ಅದರ ಸಾರಾಂಶ ಈ ರೀತಿ ಇದೆ:

(ಅ) ಜೀವವೈವಿಧ್ಯದ ದೃಷ್ಟಿಯಿಂದ ಮಹತ್ವವುಳ್ಳ ಪ್ರದೇಶಗಳನ್ನು ರಾಜ್ಯ ಸರ್ಕಾರವು ಸ್ಥಳೀಯ ಸಂಸ್ಥೆಗಳೊಡನೆ ಸಮಾಲೋಚಿಸಿ, ರಾಜ್ಯಪತ್ರದಲ್ಲಿ ಅಧಿಸೂಚನೆ ಹೊರಡಿಸುವ ಮೂಲಕ ಪಾರಂಪರಿಕ ತಾಣಗಳೆಂದು ಘೋಷಿಸಬಹುದು.

(ಆ) ಇಂತಹ ತಾಣಗಳ ನಿರ್ವಹಣೆ ಮತ್ತು ಸಂರಕ್ಷಣೆಗಾಗಿ ಕೇಂದ್ರ ಸರ್ಕಾರದೊಡನೆ ಸಮಾಲೋಚಿಸಿ ನಿಯಮಗಳನ್ನು ರೂಪಿಸಬಹುದು.

(ಇ) ಘೋಷಣೆಯಿಂದ ಆರ್ಥಿಕವಾಗಿ ಬಾಧಿತರಾಗುವ ವ್ಯಕ್ತಿಗಳಿಗೆ ಅಥವಾ ಜನವರ್ಗಕ್ಕೆ ಪರಿಹಾರ ಅಥವಾ ಪುನರ್ವಸತಿ ನೀಡಲು ರಾಜ್ಯ ಸರ್ಕಾರವು ಯೋಜನೆಗಳನ್ನು ರೂಪಿಸತಕ್ಕದ್ದು.

ಕಾಯ್ದೆಯ 22ನೇ ಪ್ರಕರಣದನ್ವಯ ರಾಜ್ಯ ಜೀವವೈವಿಧ್ಯ ಮಂಡಳಿಯನ್ನು ಸ್ಥಾಪಿಸಲಾಗುತ್ತದೆ. ಅದರಂತೆ 2003ರಲ್ಲಿ ಕರ್ನಾಟಕ ಜೀವವೈವಿಧ್ಯ ಮಂಡಳಿಯು ಅಸ್ತಿತ್ವಕ್ಕೆ ಬಂದಿದ್ದು, 2005ರಲ್ಲಿ ರಾಜ್ಯದ ನಿಯಮಗಳು ರೂಪುಗೊಂಡವು. 41ನೇ ಪ್ರಕರಣದನ್ವಯ ಪ್ರತಿ ಸ್ಥಳೀಯ ಸಂಸ್ಥೆಯು ತನ್ನ ವ್ಯಾಪ್ತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಬೇಕು. ರಾಷ್ಟ್ರ ಮಟ್ಟದಲ್ಲಿ ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರವು ಪಾರಂಪರಿಕ ತಾಣಗಳ ಆಯ್ಕೆ ಮತ್ತು ನಿರ್ವಹಣೆಗೆ ಮಾರ್ಗಸೂಚಿಗಳನ್ನು ನೀಡಿದೆ. ಕಾಯ್ದೆಗೆ 2023ರಲ್ಲಿ ತಿದ್ದುಪಡಿ ತರಲಾಗಿದ್ದು, ತಿದ್ದುಪಡಿಯು 2024ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಆದುದರಿಂದ ಹಳೆಯ ಕೈಪಿಡಿಗಳನ್ನು ಬಳಸುವವರು ತಿದ್ದುಪಡಿಯಾದ ಪಾಠವನ್ನು ಪರಿಶೀಲಿಸಿಕೊಳ್ಳತಕ್ಕದ್ದು.

3. ಯಾವ ಪ್ರದೇಶಗಳನ್ನು ಪರಿಗಣಿಸಬಹುದು

ಮಾರ್ಗಸೂಚಿಗಳ ಪ್ರಕಾರ ಪಾರಂಪರಿಕ ತಾಣವು ಸ್ಪಷ್ಟ ಎಲ್ಲೆಗಳುಳ್ಳ, ವಿಶಿಷ್ಟವಾದ ಮತ್ತು ಸೂಕ್ಷ್ಮವಾದ ಪರಿಸರ ವ್ಯವಸ್ಥೆಯಾಗಿರಬೇಕು. ಅದು ನೆಲದ ಮೇಲಿನದಾಗಿರಬಹುದು, ಒಳನಾಡಿನ ಜಲಪ್ರದೇಶವಾಗಿರಬಹುದು, ಕರಾವಳಿ ಅಥವಾ ಸಮುದ್ರ ಪ್ರದೇಶವಾಗಿರಬಹುದು. ಈ ಕೆಳಗಿನ ಲಕ್ಷಣಗಳಲ್ಲಿ ಒಂದು ಅಥವಾ ಹೆಚ್ಚಿನವು ಇರಬೇಕು:

- ಕಾಡು ಪ್ರಭೇದಗಳ ಅಥವಾ ಸಾಕಿದ, ಬೆಳೆಸಿದ ತಳಿಗಳ ಸಮೃದ್ಧಿ;
- ಆ ಪ್ರದೇಶಕ್ಕೆ ಮಾತ್ರ ಸೀಮಿತವಾದ ಪ್ರಭೇದಗಳು;
- ವಿರಳ ಅಥವಾ ಅಳಿವಿನಂಚಿನ ಪ್ರಭೇದಗಳು;
- ಇಂದಿನ ಬೆಳೆಗಳ ಕಾಡು ಪೂರ್ವಜ ಸಸ್ಯಗಳು;
- ಪಳೆಯುಳಿಕೆಗಳ ನೆಲೆ;
- ಸಾಂಸ್ಕೃತಿಕ, ನೈತಿಕ ಅಥವಾ ಸೌಂದರ್ಯದ ಮೌಲ್ಯ ಹೊಂದಿದ್ದು, ಸಾಂಸ್ಕೃತಿಕ ವೈವಿಧ್ಯದ ಉಳಿವಿಗೆ ಮುಖ್ಯವಾಗಿರುವುದು.

ಕೊನೆಯ ಅಂಶವನ್ನು ಅರ್ಜಿದಾರರು ವಿಶೇಷವಾಗಿ ಗಮನಿಸತಕ್ಕದ್ದು. ಪ್ರದೇಶದ ಸಂಸ್ಕೃತಿಯು ಇಲ್ಲಿ ಹೆಚ್ಚುವರಿ ವಿವರಣೆಯಲ್ಲ, ಅರ್ಹತೆಯ ಒಂದು ಆಧಾರವೇ ಆಗಿದೆ. ದೇವರಕಾಡುಗಳು, ಪೂಜ್ಯ ವೃಕ್ಷಗಳಿರುವ ಸ್ಥಳಗಳು ಮತ್ತು ಸಮುದಾಯಗಳು ತಲೆತಲಾಂತರದಿಂದ ಕಾಪಾಡಿಕೊಂಡು ಬಂದಿರುವ ಪ್ರದೇಶಗಳನ್ನು ಮಾರ್ಗಸೂಚಿಗಳಲ್ಲಿ ಹೆಸರಿಸಲಾಗಿದೆ. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ಶಿವಮೊಗ್ಗ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಕಾನುಗಳು ಇದೇ ಬಗೆಯವು. ಉತ್ತರ ಕನ್ನಡದ ಸಿದ್ಧಾಪುರ ತಾಲ್ಲೂಕಿನ ಕತ್ತಲೆಕಾನು ಪ್ರದೇಶದಲ್ಲಿ ರಾಮಪತ್ರೆ ಜಾತಿಯ ಮರಗಳ ಜೌಗು ಕಾಡು ಉಳಿದುಕೊಂಡಿರುವುದು ಇದಕ್ಕೆ ಒಂದು ನಿದರ್ಶನ.

ವಿಸ್ತೀರ್ಣಕ್ಕೆ ಕನಿಷ್ಠ ಮಿತಿಯಿಲ್ಲ. ಅತಿ ಚಿಕ್ಕ ಪ್ರದೇಶಗಳನ್ನು, ನಗರದೊಳಗಿನ ಹಸಿರು ಪ್ರದೇಶ ಮತ್ತು ಜೌಗು ಪ್ರದೇಶಗಳನ್ನು ಸಹ ಪರಿಗಣಿಸಬಹುದು. ಸರ್ಕಾರಿ, ಸಮುದಾಯ ಹಾಗೂ ಖಾಸಗಿ ಎಂಬ ಮೂರೂ ಬಗೆಯ ಭೂಮಿಗಳಿಗೆ ಅವಕಾಶವಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರಡಿ ಈಗಾಗಲೇ ಸಂರಕ್ಷಿತವಾಗಿರುವ ಪ್ರದೇಶಗಳನ್ನು ಸಾಧ್ಯವಾದಷ್ಟು ಮಟ್ಟಿಗೆ ಹೊರತುಪಡಿಸಬೇಕೆಂದು ಸೂಚಿಸಲಾಗಿದೆ. ಅಲ್ಲಿ ಬೇರೆ ಕಾನೂನಿನ ರಕ್ಷಣೆ ಇದ್ದೇ ಇರುತ್ತದೆ.

4. ಕರ್ನಾಟಕದಲ್ಲಿ ಘೋಷಿತವಾದ ತಾಣಗಳ ನಿದರ್ಶನಗಳು

ನಲ್ಲೂರು ಹುಣಸೆ ತೋಪು: ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ತಾಲ್ಲೂಕಿನಲ್ಲಿದೆ. ಸುಮಾರು 54 ಎಕರೆ ವಿಸ್ತೀರ್ಣವುಳ್ಳ ಈ ತೋಪನ್ನು 2007ರಲ್ಲಿ ಘೋಷಿಸಲಾಯಿತು. ಇದು ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಗಿದೆ. ಇಲ್ಲಿನ ಹುಣಸೆ ಮರಗಳನ್ನು ಚೋಳರ ಕಾಲದೊಡನೆ ಸೇರಿಸಿ ಹೇಳುವ ಪ್ರತೀತಿ ಇದೆ. ತೋಪಿನೊಳಗೆ ಹಳೆಯ ದೇವಾಲಯದ ಅವಶೇಷಗಳಿವೆ. ಮರ, ಮಣ್ಣು ಮತ್ತು ಚರಿತ್ರೆ ಒಂದೇ ಸ್ಥಳದಲ್ಲಿ ಕೂಡಿರುವುದು ಇದರ ವಿಶೇಷ.

ಹೊಗರೇಕಾನು: ಚಿಕ್ಕಮಗಳೂರು ಜಿಲ್ಲೆಯ ಕಡೂರು ತಾಲ್ಲೂಕಿಗೆ ಸೇರಿದ್ದು, 2508 ಎಕರೆ ವಿಸ್ತೀರ್ಣ ಹೊಂದಿದೆ. ಬಾಬಾಬುಡನಗಿರಿ, ಕೆಮ್ಮಣ್ಣುಗುಂಡಿ ಮತ್ತು ಭದ್ರಾ ಅರಣ್ಯ ಭಾಗಗಳ ನಡುವೆ ವನ್ಯಜೀವಿಗಳ ಸಂಚಾರಕ್ಕೆ ಕೊಂಡಿಯಾಗಿದೆ. 2010ರಲ್ಲಿ ಘೋಷಣೆಯಾಯಿತು.

ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣ: ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಸುಮಾರು 167 ಹೆಕ್ಟೇರ್ ಪ್ರದೇಶವನ್ನು 2010ರಲ್ಲಿ ಘೋಷಿಸಲಾಯಿತು. ಮಹಾನಗರದ ಒಳಗಿನ ಸಂಸ್ಥೆಯೊಂದರ ಆವರಣವೂ ಅರ್ಹವಾಗಬಲ್ಲದು ಎಂಬುದಕ್ಕೆ ಇದು ಉದಾಹರಣೆ.

ಅಂಬಾರಗುಡ್ಡ: ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ 3857 ಎಕರೆ ಪ್ರದೇಶ. ಶೋಲಾ ಕಾಡು ಮತ್ತು ಹುಲ್ಲುಗಾವಲುಗಳಿಂದ ಕೂಡಿದ ಈ ಪ್ರದೇಶವು ಕಂದಾಯ ಭೂಮಿಯಾಗಿತ್ತು. ಗಣಿಗಾರಿಕೆಯ ವಿರುದ್ಧ ಸ್ಥಳೀಯರು ದೀರ್ಘಕಾಲ ದನಿ ಎತ್ತಿದ ಹಿನ್ನೆಲೆ ಇದಕ್ಕಿದೆ. 2011ರಲ್ಲಿ ಘೋಷಣೆಯಾಯಿತು.

ಈ ನಾಲ್ಕು ತಾಣಗಳು ಒಂದಕ್ಕೊಂದು ಹೋಲುವುದಿಲ್ಲ. ಒಂದು ಊರ ತೋಪು, ಒಂದು ವನ್ಯಜೀವಿ ಸಂಚಾರದ ಕೊಂಡಿ, ಒಂದು ವಿದ್ಯಾಸಂಸ್ಥೆಯ ಆವರಣ, ಮತ್ತೊಂದು ಬೆಟ್ಟದ ಸಾಲು. ತಮ್ಮ ಪ್ರದೇಶವು ಪ್ರಸಿದ್ಧ ಪ್ರವಾಸಿ ತಾಣವಲ್ಲ ಎಂಬ ಕಾರಣಕ್ಕೆ ಅರ್ಜಿದಾರರು ಹಿಂಜರಿಯಬೇಕಾಗಿಲ್ಲ.

5. ಇತರ ಘೋಷಣೆಗಳಿಗೂ ಇದಕ್ಕೂ ಇರುವ ವ್ಯತ್ಯಾಸ

ಸಾರ್ವಜನಿಕರಿಂದ ಬರುವ ಮನವಿಗಳಲ್ಲಿ "ನಮ್ಮ ಊರನ್ನು ಪಾರಂಪರಿಕ ತಾಣವೆಂದು ಘೋಷಿಸಬೇಕು" ಎಂದಷ್ಟೇ ಕೋರಿದರೆ ಕ್ರಮ ಕೈಗೊಳ್ಳಲು ಸಾಧ್ಯವಾಗುವುದಿಲ್ಲ. ಯಾವ ಕಾನೂನಿನಡಿ ಯಾವ ಘೋಷಣೆ ಬೇಕೆಂಬುದನ್ನು ಸ್ಪಷ್ಟಪಡಿಸಬೇಕು. ಮುಖ್ಯವಾದವು ಇಂತಿವೆ:

(ಅ) ಸಂರಕ್ಷಿತ ಸ್ಮಾರಕ: ದೇವಾಲಯ, ಕೋಟೆ, ಶಾಸನ, ಪುರಾತತ್ವ ನೆಲೆಗಳಿಗೆ ಅನ್ವಯಿಸುತ್ತದೆ. ರಾಷ್ಟ್ರೀಯ ಮಹತ್ವದವುಗಳಿಗೆ ಕೇಂದ್ರದ 1958ರ ಕಾಯ್ದೆ ಹಾಗೂ ಉಳಿದವುಗಳಿಗೆ ಕರ್ನಾಟಕದ 1961ರ ಕಾಯ್ದೆ ಇದೆ. ಕೇಂದ್ರ ಸಂರಕ್ಷಿತ ಸ್ಮಾರಕಗಳ ಎಲ್ಲೆಯಿಂದ 100 ಮೀಟರ್‌ವರೆಗೆ ನಿಷೇಧಿತ ಪ್ರದೇಶ ಮತ್ತು ಅದರಾಚೆ 200 ಮೀಟರ್‌ವರೆಗೆ ನಿಯಂತ್ರಿತ ಪ್ರದೇಶವಿರುತ್ತದೆ. ಜೀವವೈವಿಧ್ಯ ಪಾರಂಪರಿಕ ತಾಣಕ್ಕೆ ಕಾಯ್ದೆಯಲ್ಲಿ ಇಂತಹ ಅಳತೆಯ ನಿಷೇಧ ವಲಯವಿಲ್ಲ.

(ಆ) ಸಂರಕ್ಷಣಾ ಮೀಸಲು ಮತ್ತು ಸಮುದಾಯ ಮೀಸಲು: ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಸರ್ಕಾರಿ ಭೂಮಿಯಲ್ಲಿ ಸಂರಕ್ಷಣಾ ಮೀಸಲನ್ನು, ಸಮುದಾಯ ಅಥವಾ ಖಾಸಗಿ ಭೂಮಿಯಲ್ಲಿ ಒಡೆಯರು ಸ್ವಇಚ್ಛೆಯಿಂದ ಮುಂದೆ ಬಂದಲ್ಲಿ ಸಮುದಾಯ ಮೀಸಲನ್ನು ಘೋಷಿಸಬಹುದು. ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುವ ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರು ಸಮುದಾಯ ಮೀಸಲಿಗೆ ನಿದರ್ಶನ.

(ಇ) ವಿಶ್ವ ಪರಂಪರೆ ಪಟ್ಟಿ: ಯುನೆಸ್ಕೋ ಪಟ್ಟಿಗೆ ನಾಗರಿಕರು ಅಥವಾ ರಾಜ್ಯ ಸರ್ಕಾರ ನೇರವಾಗಿ ಅರ್ಜಿ ಸಲ್ಲಿಸಲು ಬರುವುದಿಲ್ಲ, ಭಾರತ ಸರ್ಕಾರವೇ ನಾಮನಿರ್ದೇಶನ ಮಾಡಬೇಕು. ಅದಕ್ಕೂ ಮೊದಲು ತಾತ್ಕಾಲಿಕ ಪಟ್ಟಿಯಲ್ಲಿ ಹೆಸರಿರಬೇಕು. ಹೊಯ್ಸಳ ದೇವಾಲಯಗಳು 2014ರಲ್ಲಿ ತಾತ್ಕಾಲಿಕ ಪಟ್ಟಿಗೆ ಸೇರಿ, 2023ರಲ್ಲಿ ವಿಶ್ವ ಪರಂಪರೆಯ ಮಾನ್ಯತೆ ಪಡೆದವು. ಪಶ್ಚಿಮ ಘಟ್ಟದ 39 ತಾಣಗಳಿಗೆ 2012ರಲ್ಲಿ ಮಾನ್ಯತೆ ದೊರೆತಿದ್ದು, ಅವುಗಳಲ್ಲಿ 10 ಕರ್ನಾಟಕದಲ್ಲಿವೆ. ಮಾನ್ಯತೆ ಪಡೆದ ಮೇಲೂ ಹೊಣೆ ಮುಗಿಯುವುದಿಲ್ಲ: 1986ರಲ್ಲಿ ಪಟ್ಟಿಗೆ ಸೇರಿದ ಹಂಪಿಯು 1999ರಿಂದ 2006ರವರೆಗೆ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲಿತ್ತು. ಈ ಅವಧಿಯಲ್ಲಿಯೇ, 2002ರಲ್ಲಿ, ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರಕ್ಕಾಗಿ ಪ್ರತ್ಯೇಕ ಕಾಯ್ದೆ ರೂಪುಗೊಂಡಿತು.

(ಈ) ಭೌಗೋಳಿಕ ಸೂಚಕ: ನಂಜನಗೂಡು ರಸಬಾಳೆ, ದೇವನಹಳ್ಳಿ ಚಕ್ಕೋತದಂತಹ ಉತ್ಪನ್ನಗಳ ಹೆಸರಿಗೆ ಇದು ರಕ್ಷಣೆ ನೀಡುತ್ತದೆ. ಅದನ್ನು ಬೆಳೆಯುವ ಭೂಮಿಯ ಬಳಕೆಗೆ ರಕ್ಷಣೆ ನೀಡುವುದಿಲ್ಲ.

ಒಂದೇ ಪ್ರದೇಶದಲ್ಲಿ ಹಳೆಯ ಗುಡಿ, ಕೆರೆ ಮತ್ತು ಕಾಡು ಮೂರೂ ಇದ್ದಲ್ಲಿ, ಗುಡಿಗಾಗಿ ಪುರಾತತ್ವ ಇಲಾಖೆಗೂ, ಕೆರೆ ಮತ್ತು ಕಾಡಿಗಾಗಿ ಜೀವವೈವಿಧ್ಯ ಮಂಡಳಿಗೂ ಪ್ರತ್ಯೇಕವಾಗಿ ಪ್ರಸ್ತಾವನೆ ಸಲ್ಲಿಸುವುದು ಸೂಕ್ತ.

6. ಪ್ರಸ್ತಾವನೆಯನ್ನು ಯಾರು ಸಲ್ಲಿಸಬಹುದು

ರಾಜ್ಯ ಜೀವವೈವಿಧ್ಯ ಮಂಡಳಿಯು ತಾನಾಗಿಯೇ ಕ್ರಮ ಆರಂಭಿಸಬಹುದು ಅಥವಾ ಸಮುದಾಯಗಳಿಂದ ಬಂದ ಸಲಹೆಗಳನ್ನು ಪರಿಗಣಿಸಬಹುದು. ಸಲಹೆಯು ಜೀವವೈವಿಧ್ಯ ನಿರ್ವಹಣಾ ಸಮಿತಿ, ಗ್ರಾಮಸಭೆ, ಗ್ರಾಮ ಪಂಚಾಯಿತಿ, ನಗರ ಸ್ಥಳೀಯ ಸಂಸ್ಥೆಯ ವಾರ್ಡ್ ಅಥವಾ ಗ್ರಾಮ ಅರಣ್ಯ ಸಮಿತಿಯಂತಹ ಸಂಸ್ಥೆಗಳ ಮೂಲಕ ಬರುವುದು ಕ್ರಮಬದ್ಧ. ಯಾವುದೇ ನಾಗರಿಕರು ವೈಯಕ್ತಿಕವಾಗಿ ಮನವಿ ನೀಡಲು ಅಡ್ಡಿಯಿಲ್ಲವಾದರೂ, ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚನೆಯು ಕಾಯ್ದೆಯ ಪ್ರಕಾರ ಕಡ್ಡಾಯವಾಗಿರುವುದರಿಂದ, ಮೊದಲಿಗೇ ಪಂಚಾಯಿತಿಯ ಮೂಲಕ ಮುಂದುವರಿಯುವುದರಿಂದ ಕಾಲಹರಣ ತಪ್ಪುತ್ತದೆ.

ಪ್ರಸ್ತಾವನೆಗೆ ಕಾಯ್ದೆಯಲ್ಲಿ ಯಾವುದೇ ಶುಲ್ಕವನ್ನು ನಿಗದಿಪಡಿಸಿಲ್ಲ. ಘೋಷಣೆ ಮಾಡಿಸಿಕೊಡುವುದಾಗಿ ಹಣ ಕೇಳುವ ಮಧ್ಯವರ್ತಿಗಳನ್ನು ನಂಬಬಾರದು.

7. ಅನುಸರಿಸಬೇಕಾದ ಹಂತಗಳು

ಹಂತ 1: ಸಮಿತಿ ಮತ್ತು ದಾಖಲಾತಿಯ ಪರಿಶೀಲನೆ. ಸಂಬಂಧಿಸಿದ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ರಚನೆಯಾಗಿದೆಯೇ, ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧವಾಗಿದೆಯೇ ಎಂಬುದನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರಿಂದ ತಿಳಿದುಕೊಳ್ಳುವುದು. ದಾಖಲಾತಿಯಲ್ಲಿ ಪ್ರಸ್ತಾಪಿತ ಸ್ಥಳದ ಉಲ್ಲೇಖವಿಲ್ಲದಿದ್ದಲ್ಲಿ, ಮೊದಲು ಅದನ್ನು ಸೇರ್ಪಡೆ ಮಾಡಿಸುವುದು. ಊರಿನ ಹಿರಿಯರು, ನಾಟಿ ವೈದ್ಯರು, ಕುರಿಗಾಹಿಗಳು, ಮೀನುಗಾರರು ಮತ್ತು ಸೊಪ್ಪು, ಸೌದೆ ಸಂಗ್ರಹಿಸುವ ಮಹಿಳೆಯರಿಂದ ಪಡೆದ ಮಾಹಿತಿ ಈ ದಾಖಲಾತಿಯ ಜೀವಾಳ.

ಹಂತ 2: ಎಲ್ಲೆ ಗುರುತಿಸುವುದು. ಸರ್ವೆ ನಂಬರು, ವಿಸ್ತೀರ್ಣ ಮತ್ತು ಚಕ್ಕುಬಂದಿಯನ್ನು ಪಹಣಿ, ಆಕಾರಬಂದ್ ಹಾಗೂ ಗ್ರಾಮನಕ್ಷೆಯೊಡನೆ ತಾಳೆ ನೋಡುವುದು. ಸ್ಥಳದಲ್ಲಿರುವ ವಿಸ್ತೀರ್ಣಕ್ಕೂ ದಾಖಲೆಯಲ್ಲಿರುವ ವಿಸ್ತೀರ್ಣಕ್ಕೂ ವ್ಯತ್ಯಾಸವಿದ್ದಲ್ಲಿ ಭೂಮಾಪನ ಇಲಾಖೆಗೆ ಹದ್ದುಬಸ್ತಿಗಾಗಿ ಅರ್ಜಿ ಸಲ್ಲಿಸುವುದು. ಎಲ್ಲೆಯ ವಿಷಯ ಇತ್ಯರ್ಥವಾಗದ ಪ್ರಸ್ತಾವನೆಗಳು ಮುಂದಿನ ಹಂತಗಳಲ್ಲಿ ಆಕ್ಷೇಪಣೆಗೆ ಗುರಿಯಾಗುತ್ತವೆ.

ಹಂತ 3: ಗ್ರಾಮಸಭೆಯ ನಿರ್ಣಯ. ವಿಷಯವನ್ನು ಕಾರ್ಯಸೂಚಿಯಲ್ಲಿ ಮುಂಚಿತವಾಗಿ ಸೇರಿಸಿ, ಸಭೆಯಲ್ಲಿ ಓದಿ ಹೇಳಿ, ಪರ ವಿರೋಧ ಅಭಿಪ್ರಾಯಗಳೆರಡನ್ನೂ ನಡವಳಿ ಪುಸ್ತಕದಲ್ಲಿ ದಾಖಲಿಸುವುದು. ಆ ಸ್ಥಳದಲ್ಲಿ ದನ ಮೇಯಿಸುವವರು, ಕಿರು ಅರಣ್ಯ ಉತ್ಪನ್ನ ಸಂಗ್ರಹಿಸುವವರು, ಪೂಜೆ ಅಥವಾ ಹಬ್ಬ ನಡೆಸುವ ಮನೆತನಗಳು ಮತ್ತು ಹೊಂದಿಕೊಂಡಿರುವ ಜಮೀನುದಾರರು ಸಭೆಗೆ ಬರುವಂತೆ ನೋಡಿಕೊಳ್ಳುವುದು. ವಿರೋಧವನ್ನು ಮುಚ್ಚಿಟ್ಟ ನಿರ್ಣಯಕ್ಕಿಂತ, ವಿರೋಧಕ್ಕೆ ಉತ್ತರ ನೀಡಿದ ನಿರ್ಣಯವೇ ಗಟ್ಟಿಯಾದುದು.

ಹಂತ 4: ಪ್ರಸ್ತಾವನೆ ಸಲ್ಲಿಕೆ. ನಿರ್ವಹಣಾ ಸಮಿತಿಯ ಶಿಫಾರಸ್ಸಿನೊಡನೆ ಪಂಚಾಯಿತಿಯ ಮೂಲಕ ಕರ್ನಾಟಕ ಜೀವವೈವಿಧ್ಯ ಮಂಡಳಿಯ ಸದಸ್ಯ ಕಾರ್ಯದರ್ಶಿಯವರಿಗೆ ಸಲ್ಲಿಸುವುದು. ಒಂದು ಪ್ರತಿಯನ್ನು ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯವರಿಗೂ, ಒಂದು ಪ್ರತಿಯನ್ನು ಸಂಬಂಧಿಸಿದ ಉಪ ಅರಣ್ಯ ಸಂರಕ್ಷಣಾಧಿಕಾರಿಯವರಿಗೂ ನೀಡುವುದು ಒಳಿತು. ಸ್ವೀಕೃತಿ ಪಡೆದು ಇಟ್ಟುಕೊಳ್ಳತಕ್ಕದ್ದು.

ಹಂತ 5: ಅಧ್ಯಯನ ಮತ್ತು ಸಮಾಲೋಚನೆ. ಮಂಡಳಿಯು ತಜ್ಞರ ನೆರವಿನಿಂದ ಸ್ಥಳ ಅಧ್ಯಯನ ನಡೆಸಿ, ಕಂದಾಯ, ಅರಣ್ಯ ಹಾಗೂ ಇತರ ಇಲಾಖೆಗಳ ಅಭಿಪ್ರಾಯ ಪಡೆಯುತ್ತದೆ. ಸ್ಥಳೀಯರೊಡನೆ ಸಾರ್ವಜನಿಕ ಸಮಾಲೋಚನೆ ನಡೆಯುತ್ತದೆ.

ಹಂತ 6: ಆಕ್ಷೇಪಣೆ ಮತ್ತು ಅಧಿಸೂಚನೆ. ಆಕ್ಷೇಪಣೆ, ಸಲಹೆಗಳನ್ನು ಆಹ್ವಾನಿಸಿದಾಗ ನಿಗದಿತ ಅವಧಿಯೊಳಗೆ ಲಿಖಿತವಾಗಿ ಸಲ್ಲಿಸಬೇಕು. ಅವುಗಳ ಪರಿಶೀಲನೆಯ ನಂತರ, ರಾಜ್ಯ ಸರ್ಕಾರವು ಒಪ್ಪಿದಲ್ಲಿ ರಾಜ್ಯಪತ್ರದಲ್ಲಿ ಅಂತಿಮ ಅಧಿಸೂಚನೆ ಪ್ರಕಟವಾಗುತ್ತದೆ. ಅಧಿಸೂಚನೆ ಪ್ರಕಟವಾಗುವವರೆಗೆ ಮಂಡಳಿಯ ಶಿಫಾರಸ್ಸು ಅಥವಾ ಪತ್ರಿಕಾ ಸುದ್ದಿಯನ್ನು ಘೋಷಣೆ ಎಂದು ಭಾವಿಸಬಾರದು.

ಘೋಷಣೆಯನ್ನು ಇಷ್ಟು ದಿನಗಳೊಳಗೆ ಮಾಡಬೇಕೆಂದು ಕಾಯ್ದೆಯಲ್ಲಿ ಕಾಲಮಿತಿ ಇರುವುದಿಲ್ಲ. ಪ್ರಸ್ತಾವನೆ ಯಾವ ಹಂತದಲ್ಲಿದೆ ಎಂಬುದನ್ನು ಮಾಹಿತಿ ಹಕ್ಕು ಕಾಯ್ದೆ, 2005ರಡಿ ಅರ್ಜಿ ಸಲ್ಲಿಸಿ ತಿಳಿಯಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡಬೇಕಾಗುತ್ತದೆ.

8. ಪ್ರಸ್ತಾವನೆಯೊಡನೆ ಲಗತ್ತಿಸಬೇಕಾದ ವಿವರಗಳು

1) ಸ್ಥಳದ ಹೆಸರು, ಗ್ರಾಮ, ಹೋಬಳಿ, ತಾಲ್ಲೂಕು, ಜಿಲ್ಲೆ, ಸ್ಥಳೀಯವಾಗಿ ಬಳಕೆಯಲ್ಲಿರುವ ಹೆಸರುಗಳು.
2) ಎಲ್ಲ ಸರ್ವೆ ನಂಬರುಗಳ ಪಹಣಿ, ವಿಸ್ತೀರ್ಣ ಮತ್ತು ಎಲ್ಲೆ ಗುರುತಿಸಿದ ನಕ್ಷೆ.
3) ಭೂ ಒಡೆತನದ ವಿವರ. ಖಾಸಗಿ ಹಿಡುವಳಿ ಸೇರಿದ್ದಲ್ಲಿ ಒಡೆಯರ ಲಿಖಿತ ಅಭಿಪ್ರಾಯ.
4) ಸಸ್ಯ, ಪ್ರಾಣಿ, ಪಕ್ಷಿಗಳ ಪಟ್ಟಿ. ವೈಜ್ಞಾನಿಕ ಹೆಸರು ತಿಳಿಯದಿದ್ದಲ್ಲಿ ಸ್ಥಳೀಯ ಹೆಸರು ಮತ್ತು ಛಾಯಾಚಿತ್ರ ಸಾಕು. ಸಮೀಪದ ಕಾಲೇಜಿನ ಸಸ್ಯಶಾಸ್ತ್ರ ಅಥವಾ ಪ್ರಾಣಿಶಾಸ್ತ್ರ ವಿಭಾಗದ ನೆರವು ಪಡೆಯಬಹುದು.
5) ಸಾಂಸ್ಕೃತಿಕ ವಿವರ: ಹಬ್ಬ, ಹರಕೆ, ನಿಷೇಧ, ಕಟ್ಟುಪಾಡುಗಳು; ಮರ ಕಡಿಯಬಾರದು, ಚಪ್ಪಲಿ ಮೆಟ್ಟಿ ಹೋಗಬಾರದು ಎಂಬಂತಹ ರೂಢಿಗಳು; ಅವುಗಳನ್ನು ಪಾಲಿಸಿಕೊಂಡು ಬಂದಿರುವ ಸಮುದಾಯಗಳು.
6) ಪ್ರಸ್ತುತ ಬಳಕೆ: ಮೇವು, ಸೌದೆ, ಜೇನು, ಔಷಧಿ ಸಸ್ಯ, ನೀರು, ದಾರಿ ಇತ್ಯಾದಿ. ಯಾರು, ಯಾವ ಕಾಲದಲ್ಲಿ, ಯಾವ ಪ್ರಮಾಣದಲ್ಲಿ ಬಳಸುತ್ತಾರೆ ಎಂಬುದು.
7) ಇರುವ ಅಪಾಯಗಳು: ಒತ್ತುವರಿ, ಬೆಂಕಿ, ಕಸ ಸುರಿಯುವುದು, ಕಲ್ಲು ಅಥವಾ ಮರಳು ತೆಗೆಯುವುದು, ಬಾಕಿ ಇರುವ ಮಂಜೂರಾತಿ ಅರ್ಜಿಗಳು.
8) ಗ್ರಾಮಸಭೆಯ ನಡವಳಿಯ ದೃಢೀಕೃತ ಪ್ರತಿ ಮತ್ತು ನಿರ್ವಹಣಾ ಸಮಿತಿಯ ಠರಾವು.
9) ಘೋಷಣೆಯ ನಂತರ ಸ್ಥಳವನ್ನು ಹೇಗೆ ನಿರ್ವಹಿಸಲಾಗುವುದು ಎಂಬ ಸರಳ ಯೋಜನೆ.

9. ಘೋಷಣೆಯ ಪರಿಣಾಮಗಳು

ಘೋಷಣೆಯಾದೊಡನೆ ಊರವರ ಪ್ರವೇಶ ನಿಂತುಹೋಗುತ್ತದೆ ಎಂಬ ಭಯ ಅನೇಕರಲ್ಲಿದೆ. ಸ್ಥಳೀಯ ಸಮುದಾಯಗಳ ಚಾಲ್ತಿಯಲ್ಲಿರುವ ರೂಢಿ ಮತ್ತು ಬಳಕೆಗಳ ಮೇಲೆ, ಅವರು ತಾವಾಗಿಯೇ ಒಪ್ಪಿಕೊಂಡ ನಿರ್ಬಂಧಗಳ ಹೊರತು, ಘೋಷಣೆಯಿಂದ ನಿರ್ಬಂಧ ಉಂಟಾಗಬಾರದು ಎಂಬುದು ಮಾರ್ಗಸೂಚಿಗಳ ಆಶಯ. ಸಂರಕ್ಷಣೆಯ ಮೂಲಕ ಸ್ಥಳೀಯರ ಬದುಕಿನ ಗುಣಮಟ್ಟ ಹೆಚ್ಚಬೇಕೆಂಬುದೇ ಇದರ ಉದ್ದೇಶ. ಆದರೆ ಯಾವ ಬಳಕೆ ಚಾಲ್ತಿಯಲ್ಲಿದೆ ಎಂಬುದು ದಾಖಲೆಯಲ್ಲಿದ್ದಾಗ ಮಾತ್ರ ಈ ಆಶಯಕ್ಕೆ ಬೆಲೆ ಬರುತ್ತದೆ. ಮೇಲಿನ 8ನೇ ಕಂಡಿಕೆಯ 6ನೇ ಅಂಶವನ್ನು ಬಿಟ್ಟು ಕಳುಹಿಸಿದ ಪ್ರಸ್ತಾವನೆಯಿಂದ ಮೊದಲು ತೊಂದರೆಯಾಗುವುದು ಭೂಮಿಯಿಲ್ಲದ, ಆ ಸ್ಥಳವನ್ನೇ ನೆಚ್ಚಿಕೊಂಡ ಕುಟುಂಬಗಳಿಗೆ.

ಘೋಷಣೆಯಿಂದ ಭೂಮಿಯ ಒಡೆತನ ಬದಲಾಗುವುದಿಲ್ಲ. ಅರಣ್ಯ ಹಕ್ಕುಗಳ ಕಾಯ್ದೆ, 2006ರಡಿ ದೊರೆತ ವೈಯಕ್ತಿಕ ಅಥವಾ ಸಮುದಾಯ ಹಕ್ಕುಗಳು ರದ್ದಾಗುವುದಿಲ್ಲ. ರಾಜ್ಯ ಜೀವವೈವಿಧ್ಯ ನಿಧಿಯನ್ನು ಪಾರಂಪರಿಕ ತಾಣಗಳ ನಿರ್ವಹಣೆಗೆ ಮತ್ತು ಘೋಷಣೆಯಿಂದ ಆರ್ಥಿಕವಾಗಿ ಬಾಧಿತರಾದವರ ಪರಿಹಾರಕ್ಕೆ ಬಳಸಲು 32ನೇ ಪ್ರಕರಣದಲ್ಲಿ ಅವಕಾಶವಿದೆ. ನಿರ್ವಹಣಾ ಸಮಿತಿಯು ತನ್ನ ವ್ಯಾಪ್ತಿಯಿಂದ ವಾಣಿಜ್ಯ ಉದ್ದೇಶಕ್ಕೆ ಜೈವಿಕ ಸಂಪನ್ಮೂಲ ಸಂಗ್ರಹಿಸುವವರಿಂದ ಸಂಗ್ರಹಣಾ ಶುಲ್ಕ ವಿಧಿಸಬಹುದು.

ಇನ್ನು ದೊರೆಯದಿರುವುದರ ಬಗ್ಗೆ. 37ನೇ ಪ್ರಕರಣವು ಜಾರಿಯಲ್ಲಿರುವ ಇತರ ಕಾನೂನುಗಳಿಗೆ ಬಾಧಕವಾಗದಂತೆ ರಚಿತವಾಗಿದೆ. ಅಂದರೆ ಗಣಿ, ಕಂದಾಯ, ಹೆದ್ದಾರಿ ಮುಂತಾದ ಕಾನೂನುಗಳಡಿಯ ಪ್ರಕ್ರಿಯೆಗಳು ಘೋಷಣೆ ಒಂದರಿಂದಲೇ ತಂತಾನೇ ನಿಂತುಹೋಗುವುದಿಲ್ಲ. ತಮಿಳುನಾಡಿನ ಮಧುರೈ ಜಿಲ್ಲೆಯ ಅರಿಟ್ಟಾಪಟ್ಟಿಯ ಪ್ರಸಂಗ ಇದನ್ನು ಸ್ಪಷ್ಟಪಡಿಸುತ್ತದೆ. ಬೆಟ್ಟಗಳು, ಕೆರೆಗಳು, ಜೈನ ಶಯ್ಯೆಗಳು ಮತ್ತು ತಮಿಳು ಬ್ರಾಹ್ಮಿ ಶಾಸನಗಳಿರುವ ಈ ಪ್ರದೇಶದ 193.215 ಹೆಕ್ಟೇರನ್ನು 2022ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಗಿತ್ತು. ಆದರೂ 2024ರಲ್ಲಿ ಹರಾಜಾದ ಟಂಗ್‌ಸ್ಟನ್ ಗಣಿ ಬ್ಲಾಕಿನೊಳಗೆ ಈ ತಾಣದ ಭಾಗವೂ ಸೇರಿತ್ತು. ಗ್ರಾಮಸ್ಥರು ವ್ಯಾಪಕವಾಗಿ ಪ್ರತಿಭಟಿಸಿದರು. ರಾಜ್ಯ ವಿಧಾನಸಭೆಯು ನಿರ್ಣಯ ಅಂಗೀಕರಿಸಿತು. 2025ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಹರಾಜನ್ನು ರದ್ದುಪಡಿಸಿತು. ಘೋಷಣೆಯು ಹರಾಜನ್ನು ತಡೆಯಲಿಲ್ಲ. ಆದರೆ ಅಲ್ಲಿ ಕಳೆದುಕೊಳ್ಳುವುದು ಏನೆಂಬುದನ್ನು ಸರ್ಕಾರದ ಅಧಿಸೂಚನೆಯಿಂದಲೇ ತೋರಿಸಲು ಜನರಿಗೆ ಸಾಧ್ಯವಾಯಿತು. ಘೋಷಣೆಯನ್ನು ಬೇಲಿಯೆಂದು ತಿಳಿಯದೆ, ದಾಖಲೆಯೆಂದು ತಿಳಿಯುವುದು ಸರಿ. ಆ ದಾಖಲೆಯನ್ನು ಬಳಸುವ ಜನರು ಸ್ಥಳದಲ್ಲಿರಬೇಕು.

10. ಸಾಮಾನ್ಯವಾಗಿ ಕಂಡುಬರಬಹುದಾದ ನ್ಯೂನತೆಗಳು

- ಸರ್ವೆ ನಂಬರು ನಮೂದಿಸದೆ "ಬೆಟ್ಟ ಮತ್ತು ಸುತ್ತಮುತ್ತಲ ಪ್ರದೇಶ" ಎಂದು ಬರೆಯುವುದು.
- ಎರಡು ಪಂಚಾಯಿತಿಗಳಲ್ಲಿ ಹರಡಿರುವ ಸ್ಥಳಕ್ಕೆ ಒಂದೇ ಪಂಚಾಯಿತಿಯ ನಿರ್ಣಯ ಲಗತ್ತಿಸುವುದು.
- ಹಬ್ಬದ ವಿವರ ವಿಸ್ತಾರವಾಗಿದ್ದು, ಸಸ್ಯ ಪ್ರಾಣಿಗಳ ವಿವರ ಇಲ್ಲದಿರುವುದು. ಅಥವಾ ಇದಕ್ಕೆ ವ್ಯತಿರಿಕ್ತವಾಗಿರುವುದು.
- ಬಗರ್ ಹುಕುಂ ಅರ್ಜಿಗಳು ಬಾಕಿ ಇರುವ ಸಂಗತಿಯನ್ನು ತಿಳಿಸದಿರುವುದು.
- ಪ್ರವಾಸೋದ್ಯಮಕ್ಕಾಗಿ ರಸ್ತೆ, ಕಟ್ಟಡಗಳ ಬೇಡಿಕೆಯನ್ನೇ ಮುಖ್ಯ ಉದ್ದೇಶವಾಗಿ ನಮೂದಿಸುವುದು. ಪಾರಂಪರಿಕ ತಾಣದ ಘೋಷಣೆಯು ಪ್ರವಾಸಿ ಸೌಲಭ್ಯದ ಯೋಜನೆಯಲ್ಲ.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಪಂಚಾಯಿತಿಯು ನಿರ್ಣಯ ಮಾಡಲು ಮುಂದೆ ಬಾರದಿದ್ದಲ್ಲಿ ಏನು ಮಾಡಬೇಕು?
ಉತ್ತರ: ವಿಷಯವನ್ನು ಗ್ರಾಮಸಭೆಯ ಕಾರ್ಯಸೂಚಿಗೆ ಸೇರಿಸುವಂತೆ ಲಿಖಿತ ಮನವಿ ನೀಡಿ ಸ್ವೀಕೃತಿ ಪಡೆಯುವುದು. ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಯವರ ಗಮನಕ್ಕೆ ತರುವುದು. ಮಂಡಳಿಗೆ ನೇರವಾಗಿಯೂ ಮಾಹಿತಿ ನೀಡಬಹುದು.

ಪ್ರಶ್ನೆ: ದೇವರಕಾಡಿನಲ್ಲಿ ಪೂಜೆ, ಜಾತ್ರೆ ನಡೆಸಲು ಅನುಮತಿ ಬೇಕಾಗುತ್ತದೆಯೇ?
ಉತ್ತರ: ರೂಢಿಯಲ್ಲಿರುವ ಪೂಜೆ, ಉತ್ಸವಗಳಿಗೆ ಘೋಷಣೆಯ ಕಾರಣದಿಂದ ಹೊಸ ನಿರ್ಬಂಧ ಉದ್ದೇಶಿತವಾಗಿಲ್ಲ. ಸ್ಥಳವು ಅರಣ್ಯ ಭೂಮಿಯಾಗಿದ್ದಲ್ಲಿ ಅರಣ್ಯ ಕಾನೂನುಗಳು ಮೊದಲಿನಂತೆಯೇ ಅನ್ವಯಿಸುತ್ತವೆ. ಹೊಸದಾಗಿ ಕಾಂಕ್ರೀಟ್ ಕಟ್ಟಡ ನಿರ್ಮಿಸುವುದು ರೂಢಿಯ ಬಳಕೆಯಾಗುವುದಿಲ್ಲ.

ಪ್ರಶ್ನೆ: ನಾಟಿ ವೈದ್ಯರು ಔಷಧಿ ಸಸ್ಯ ಸಂಗ್ರಹಿಸಬಹುದೇ?
ಉತ್ತರ: ಕಾಯ್ದೆಯ 7ನೇ ಪ್ರಕರಣದಲ್ಲಿ ಸ್ಥಳೀಯ ಜನರಿಗೆ, ಬೆಳೆಗಾರರಿಗೆ ಹಾಗೂ ಪಾರಂಪರಿಕ ವೈದ್ಯವೃತ್ತಿಯವರಿಗೆ ವಿನಾಯಿತಿ ಇದೆ. ತಾಣದ ನಿರ್ವಹಣಾ ಯೋಜನೆಯಲ್ಲಿ ಸಮುದಾಯವು ಒಪ್ಪಿಕೊಂಡ ಕಟ್ಟುಪಾಡುಗಳನ್ನು ಪಾಲಿಸಬೇಕಾಗುತ್ತದೆ.

ಪ್ರಶ್ನೆ: ಪ್ರಸ್ತಾವನೆ ಬಾಕಿ ಇರುವಾಗಲೇ ಸ್ಥಳಕ್ಕೆ ಹಾನಿಯಾಗುತ್ತಿದ್ದಲ್ಲಿ?
ಉತ್ತರ: ಬಾಕಿ ಇರುವ ಪ್ರಸ್ತಾವನೆಗೆ ತಡೆಯಾಜ್ಞೆಯ ಬಲವಿರುವುದಿಲ್ಲ. ಒತ್ತುವರಿಯ ಬಗ್ಗೆ ತಹಶೀಲ್ದಾರರಿಗೆ, ಮರ ಕಡಿತದ ಬಗ್ಗೆ ವಲಯ ಅರಣ್ಯಾಧಿಕಾರಿಗಳಿಗೆ, ಅನಧಿಕೃತ ಕಲ್ಲು ಮತ್ತು ಮರಳು ತೆಗೆಯುವಿಕೆಯ ಬಗ್ಗೆ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಕೂಡಲೇ ಲಿಖಿತ ದೂರು ನೀಡುವುದು. ದೂರಿನ ಪ್ರತಿಯನ್ನು ಮಂಡಳಿಗೂ ಕಳುಹಿಸುವುದು.

12. ಘೋಷಣೆಯ ನಂತರದ ಹೊಣೆ

ಅಧಿಸೂಚನೆಯ ನಂತರ ತಾಣದ ದೈನಂದಿನ ನಿರ್ವಹಣೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಪ್ರಮುಖ ಪಾತ್ರವಿದೆ. ಒಂದಕ್ಕಿಂತ ಹೆಚ್ಚು ಪಂಚಾಯಿತಿಗಳಿಗೆ ಸೇರಿದ ತಾಣವಾದಲ್ಲಿ ಸಂಬಂಧಿಸಿದವರೆಲ್ಲರೂ ಇರುವ ಸಮಿತಿಯೊಂದರ ಅಗತ್ಯವಿರುತ್ತದೆ. ಎಲ್ಲೆ ಕಲ್ಲುಗಳನ್ನು ನೆಡುವುದು, ಬೇಸಿಗೆಗೆ ಮುನ್ನ ಬೆಂಕಿ ರೇಖೆ ತೆಗೆಯುವುದು, ಹೊಸ ಸಸಿಗಳ ಉಳಿವನ್ನು ಗಮನಿಸುವುದು, ಜನತಾ ದಾಖಲಾತಿಯನ್ನು ಕಾಲಕಾಲಕ್ಕೆ ಪರಿಷ್ಕರಿಸುವುದು ಮುಖ್ಯ ಕೆಲಸಗಳು. ಹಳೆಯ ಮರಗಳ ತೋಪಿನಲ್ಲಿ ಎಳೆಯ ಮರಗಳು ಬಾರದಿದ್ದಲ್ಲಿ, ಅಧಿಸೂಚನೆ ಇದ್ದರೂ ಒಂದು ಕಾಲಕ್ಕೆ ತೋಪು ಇಲ್ಲವಾಗುತ್ತದೆ ಎಂಬುದನ್ನು ಸಮಿತಿಗಳು ಮರೆಯಬಾರದು.

ತಾಣದ ಮಹತ್ವವನ್ನು ತಿಳಿಸುವ ಫಲಕವನ್ನು ಕನ್ನಡದಲ್ಲಿ ಹಾಕಿಸುವುದು, ಶಾಲಾ ಮಕ್ಕಳನ್ನು ವರ್ಷಕ್ಕೊಮ್ಮೆಯಾದರೂ ಕರೆದೊಯ್ದು ಮರಗಳ ಸ್ಥಳೀಯ ಹೆಸರುಗಳನ್ನು ಹೇಳಿಕೊಡುವುದು ಕಡಿಮೆ ಖರ್ಚಿನ, ಹೆಚ್ಚು ಫಲ ನೀಡುವ ಕ್ರಮಗಳಾಗಿವೆ.

13. ಸಂಪರ್ಕ

ಹೆಚ್ಚಿನ ವಿವರಗಳಿಗಾಗಿ ಸಾರ್ವಜನಿಕರು ತಮ್ಮ ಗ್ರಾಮ ಪಂಚಾಯಿತಿ ಅಥವಾ ನಗರ ಸ್ಥಳೀಯ ಸಂಸ್ಥೆಯ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು, ಜಿಲ್ಲಾ ಪಂಚಾಯಿತಿ ಕಚೇರಿಯನ್ನು ಅಥವಾ ಬೆಂಗಳೂರಿನಲ್ಲಿರುವ ಕರ್ನಾಟಕ ಜೀವವೈವಿಧ್ಯ ಮಂಡಳಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ. ಈ ಪುಟದ ಮಾಹಿತಿಯು ಮಾರ್ಗದರ್ಶನಕ್ಕಾಗಿ ಮಾತ್ರ. ಕಾಯ್ದೆ, ನಿಯಮ ಹಾಗೂ ಅಧಿಸೂಚನೆಗಳ ಪಾಠವೇ ಅಂತಿಮವಾಗಿರುತ್ತದೆ.